ಗುದ್ದಿದ ಬೈಕಿಗೆ ಇನ್ಶೂರೆನ್ಸ್ ಇಲ್ಲ, ಪರಿಹಾರ ಕೊಡುವವರು ಯಾರು?

ಪ್ರಶ್ನೆ: ನಾವು ಕಾಸರಗೋಡು ಜಿಲ್ಲೆಯ ಉಪ್ಪಳದವರು. ಮಂಗಳೂರು ಬಳಿಯ ತೊಕ್ಕೊಟ್ಟಿನಲ್ಲಿ ರಸ್ತೆ ದಾಟುವಾಗ ಬೈಕ್ ಗುದ್ದಿ ತಂದೆಯ ಕಾಲು ಮುರಿದಿದೆ. ಬೈಕಿನ ಇನ್ಶೂರೆನ್ಸ್ ಮುಗಿದಿತ್ತಂತೆ, ಸವಾರ ನಶೆಯಲ್ಲಿದ್ದನಂತೆ. ಕೇಸು ಹಾಕಿ ಪ್ರಯೋಜನ ಇದೆಯೇ? ಹಾಕುವುದಾದರೆ ಮಂಗಳೂರಿಗೇ ಓಡಾಡಬೇಕೇ?

ಉತ್ತರ: ಮಂಗಳೂರಿಗೆ ಓಡಾಡಬೇಕಾಗಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ 166ನೇ ಸೆಕ್ಷನ್ ಪ್ರಕಾರ ಅರ್ಜಿದಾರ ವಾಸಿಸುವ ಊರಿನ ಮೋಟಾರು ಅಪಘಾತ ಪರಿಹಾರ ಟ್ರಿಬ್ಯೂನಲ್‌ನಲ್ಲೇ ಕ್ಲೇಮ್ ಹಾಕಬಹುದು. ನಿಮಗೆ ಕಾಸರಗೋಡು ಸಾಕು. ಅವಧಿ ಅಪಘಾತದ ದಿನದಿಂದ 6 ತಿಂಗಳು. ಈ ಗಡುವನ್ನು ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನಿಸಿದ್ದಾರೆ ನಿಜ, ಆದರೆ ಅದನ್ನು ನಂಬಿ ಕೂರಬೇಡಿ.

ಇಂಥ ಕೇಸು ಹೆಚ್ಚಾಗಿ ಕೆಡುವುದು ಕೋರ್ಟಿನಲ್ಲಲ್ಲ, ಆಸ್ಪತ್ರೆಯ ಕ್ಯಾಶುವಾಲಿಟಿಯಲ್ಲಿ. ಗಡಿಬಿಡಿಯಲ್ಲಿ ಯಾರೋ ‘ಬಿದ್ದು ಪೆಟ್ಟಾಯಿತು’ ಎನ್ನುತ್ತಾರೆ, ಡ್ಯೂಟಿ ಡಾಕ್ಟರ್ ಅಷ್ಟನ್ನೇ ರಿಜಿಸ್ಟರಿನಲ್ಲಿ ಬರೆದುಕೊಳ್ಳುತ್ತಾರೆ. ಮುಂದೆ ವೂಂಡ್ ಸರ್ಟಿಫಿಕೇಟಿನಲ್ಲಿ (ಗಾಯದ ಬಗ್ಗೆ ಆಸ್ಪತ್ರೆ ಕೊಡುವ ಪತ್ರ) ಬರುವುದೂ ಅದೇ ಸಾಲು, ಎದುರಿನ ವಕೀಲರು ಹಿಡಿದೆಳೆಯುವುದೂ ಅದನ್ನೇ. ‘ಇಂಥ ನಂಬರಿನ ಬೈಕ್ ಗುದ್ದಿ ಪೆಟ್ಟಾಗಿದೆ’ ಎಂದು ಬರೆಸಿ. ನಂಬರ್ ಗೊತ್ತಿಲ್ಲದಿದ್ದರೆ ‘ಬೈಕ್ ಗುದ್ದಿ’ ಎಂದಾದರೂ ಇರಲಿ. 2025ರ ಕೇಂದ್ರ ಯೋಜನೆಯಂತೆ ಮೊದಲ 7 ದಿನಗಳಲ್ಲಿ ಒಂದೂವರೆ ಲಕ್ಷ ರೂಪಾಯಿವರೆಗೆ ನಗದುರಹಿತ ಚಿಕಿತ್ಸೆ ಇದೆ. ದಾಖಲಾಗುವಾಗಲೇ ಕೇಳಿ.

ಬಳಿಕ ಎಫ್‌ಐಆರ್. ಪೊಲೀಸರು ಜಿಡಿ ಎಂಟ್ರಿ (ಠಾಣೆಯ ದಿನಚರಿಯಲ್ಲಿ ಬರೆದುಕೊಳ್ಳುವುದು) ಮಾತ್ರ ಮಾಡಿ ‘ಇಷ್ಟು ಸಾಕು’ ಎಂದು ಕಳಿಸಿದರೆ ಒಪ್ಪಬೇಡಿ. ಅದು ವಾಹನಕ್ಕಾದ ನಷ್ಟದ ಕ್ಲೇಮಿಗೆ ನಡೆದೀತು, ಕಾಲು ಮುರಿದದ್ದಕ್ಕೆ ಸಾಲದು. ಸ್ಥಳ ಕರ್ನಾಟಕದ್ದಾದರೂ ನಿಮ್ಮ ಕಡೆಯ ಮಂಜೇಶ್ವರ ಠಾಣೆಯಲ್ಲಿ ಝೀರೋ ಎಫ್‌ಐಆರ್ (ಘಟನೆ ಎಲ್ಲೇ ನಡೆದಿದ್ದರೂ ಯಾವ ಠಾಣೆಯಲ್ಲೂ ದಾಖಲಿಸಬಹುದಾದದ್ದು) ಕೊಡಬಹುದು, ಅವರು ಅದನ್ನು ಅಲ್ಲಿಗೆ ಕಳಿಸಬೇಕು. ಹೇಳಿಕೆ ಮಲಯಾಳದಲ್ಲಿದ್ದರೆ ಓದಿಸಿ, ಅರ್ಥವಾದ ಮೇಲೇ ಸಹಿ ಹಾಕಿ. ಬೈಕಿನ ನಂಬರಿನಲ್ಲಿ ಕಾಸರಗೋಡಿನ ಕೆಎಲ್ 14 ಇದ್ದದ್ದು ಮಂಗಳೂರಿನ ಕೆಎ 19 ಆಗಿಬಿಟ್ಟರೆ ತಿದ್ದಿಸುವಷ್ಟರಲ್ಲಿ ತಿಂಗಳುಗಳೇ ಹೋಗುತ್ತವೆ.

ಇನ್ನು ಹಣದ ಮಾತು. ವಿಮೆ ಇಲ್ಲದಿದ್ದರೆ ಪರಿಹಾರವೇ ಇಲ್ಲ ಎಂಬುದು ತಪ್ಪು. ಅದನ್ನು ಸವಾರ ಮತ್ತು ಮಾಲೀಕ ಕೊಡಬೇಕು. ತೊಡಕಿರುವುದು ವಸೂಲಿಯಲ್ಲಿ. ಹಾಗಾಗಿ ಕಣ್ಣಿಡಬೇಕಾದದ್ದು ಠಾಣೆಯಲ್ಲಿ ನಿಂತ ಆ ಬೈಕಿನ ಮೇಲೆ. ವಿಮೆಯಿಲ್ಲದ ವಾಹನದಿಂದ ಸಾವು ಅಥವಾ ಗಾಯವಾಗಿದ್ದರೆ ಮಾಲೀಕ ಸಾಕಷ್ಟು ಭದ್ರತೆ ಕೊಡದೆ ಅದನ್ನು ಬಿಡುವಂತಿಲ್ಲ, ಕೊಡದಿದ್ದರೆ ಹರಾಜು ಹಾಕಿ ಹಣವನ್ನು ಟ್ರಿಬ್ಯೂನಲ್‌ಗೆ ಕಟ್ಟಬೇಕು. ಈ ನಿಯಮವನ್ನು ಎಲ್ಲ ರಾಜ್ಯಗಳೂ ತರಬೇಕೆಂದು ಸುಪ್ರೀಂ ಕೋರ್ಟ್ 2018ರಲ್ಲೇ ಹೇಳಿದೆ. ಬೈಕ್ ಬಿಡಿಸಲು ಅರ್ಜಿ ಬಿದ್ದ ಕೂಡಲೇ ನಿಮ್ಮ ವಕೀಲರು ಆಕ್ಷೇಪ ಸಲ್ಲಿಸಬೇಕು. ಹಳೇ ಬೈಕಿಗೆ ಎಷ್ಟು ಸಿಕ್ಕೀತು ಎನ್ನಬಹುದು. ಸಿಗುವುದು ಸ್ವಲ್ಪವೇ. ಆದರೆ ಮಾಲೀಕನನ್ನು ಮಾತಿಗೆ ತರುವುದು ಆ ಬೈಕೇ. ತೀರ್ಪಿನ ಬಳಿಕವೂ ಕೊಡದಿದ್ದರೆ 174ನೇ ಸೆಕ್ಷನ್ ಪ್ರಕಾರ ಕಲೆಕ್ಟರ್ ಮೂಲಕ ಭೂಕಂದಾಯದ ಬಾಕಿಯಂತೆ ವಸೂಲಿ ಮಾಡಿಸಬಹುದು.

‘ಬೈಕ್ ಮಾರಿ ವರ್ಷವಾಯಿತು’ ಎಂದು ಆರ್‌ಸಿಯಲ್ಲಿರುವವರು ಹೇಳುವುದು ಮಾಮೂಲು. ಹೆಸರು ಬದಲಾಗದಿದ್ದರೆ ಹೊಣೆ ಆರ್‌ಸಿಯಲ್ಲಿರುವವರದೇ. ಇದನ್ನೂ ಸುಪ್ರೀಂ ಕೋರ್ಟ್ 2018ರಲ್ಲಿ ಸ್ಪಷ್ಟಪಡಿಸಿದೆ.

ನಶೆಯ ವಿಷಯ ಬೇರೆ. ಊದಿಸುವ ಯಂತ್ರ ಮದ್ಯವನ್ನಷ್ಟೇ ಹಿಡಿಯುತ್ತದೆ, ಗಾಂಜಾ, ಎಂಡಿಎಂಎಯಂಥ ಮಾದಕ ವಸ್ತುಗಳು ಅದಕ್ಕೆ ಸಿಗವು. ರಕ್ತ, ಮೂತ್ರ ಪರೀಕ್ಷೆ ಮಾಡಿಸಬೇಕೆಂದು ದೂರಿನಲ್ಲೇ ಬರೆಯಿರಿ. ದಿನ ಕಳೆದಂತೆ ಸಾಕ್ಷ್ಯ ಕರಗುತ್ತದೆ. ಸಾಬೀತಾದರೆ 185ನೇ ಸೆಕ್ಷನ್‌ನಲ್ಲಿ ಮೊದಲ ಸಲಕ್ಕೆ 10,000 ರೂಪಾಯಿ ದಂಡ, 6 ತಿಂಗಳವರೆಗೆ ಜೈಲು ಅಥವಾ ಎರಡೂ. ವಿಮೆ ಚಾಲ್ತಿಯಲ್ಲಿದ್ದಿದ್ದರೆ ಕಂಪನಿ ‘ಸವಾರ ನಶೆಯಲ್ಲಿದ್ದ’ ಎಂದು ಗಾಯಾಳುವಿನಿಂದ ಜಾರಿಕೊಳ್ಳುವಂತಿರಲಿಲ್ಲ. ಮೊದಲು ಕೊಟ್ಟು ಆಮೇಲೆ ಮಾಲೀಕನಿಂದ ವಸೂಲಿ ಮಾಡಲಿ ಎಂದು ಮದ್ಯದ ಪ್ರಕರಣವೊಂದರಲ್ಲಿ ಕೇರಳ ಹೈಕೋರ್ಟ್ 2023ರಲ್ಲಿ ಹೇಳಿದೆ.

ಶಾಸಕರು ಮಾದಕ ವಸ್ತು, ವಿಮೆ, ಟ್ರಾಫಿಕ್ ಎಂದು ಚರ್ಚೆಗಿಳಿದಾಗಲೆಲ್ಲ ದಂಡ ಏರಿಸುವ ಮಾತು ಬರುತ್ತದೆ. ವಿಮೆಯಿಲ್ಲದೆ ಓಡಿಸಿದರೆ ಈಗ ಮೊದಲ ಸಲ 2,000, ಎರಡನೇ ಸಲ 4,000 ರೂಪಾಯಿ. ಎಷ್ಟೇ ಏರಿಸಿದರೂ ಅದು ಸರ್ಕಾರದ ಖಜಾನೆಗೆ ಹೋಗುತ್ತದೆ, ನಿಮ್ಮ ತಂದೆಯ ಕಾಲಿಗೆ ಹಾಕಿದ ರಾಡಿನ ಬಿಲ್ಲಿಗಲ್ಲ.

ಬೈಕುಗಳು ಹೀಗೆ ವಿಮೆಯಿಲ್ಲದೆ ಉಳಿಯಲು ಒಂದು ಸಣ್ಣ ಕಾರಣವಿದೆ. 2018ರ ಸೆಪ್ಟೆಂಬರ್‌ನಿಂದ ಹೊಸ ದ್ವಿಚಕ್ರ ವಾಹನಕ್ಕೆ 5 ವರ್ಷದ ಥರ್ಡ್ ಪಾರ್ಟಿ ವಿಮೆ (ನಮ್ಮ ವಾಹನದಿಂದ ಬೇರೆಯವರಿಗಾಗುವ ಹಾನಿಗೆ) ಶೋರೂಮಿನಲ್ಲೇ ಆಗುತ್ತದೆ. ಆರನೇ ವರ್ಷ ನೆನಪಿಸುವವರು ಯಾರೂ ಇಲ್ಲ. ನಿಮ್ಮ ಮನೆಯ ಬೈಕಿನದ್ದನ್ನೂ ಸರ್ಕಾರದ ಎಂಪರಿವಾಹನ್ ಆ್ಯಪಿನಲ್ಲಿ ನಂಬರ್ ಹಾಕಿ ನೋಡಿ. 2022ರ ಜೂನ್‌ನಲ್ಲಿ ನಿಗದಿಯಾದಂತೆ 75ರಿಂದ 150 ಸಿಸಿಯ ಬೈಕಿಗೆ ವರ್ಷಕ್ಕೆ 714 ರೂಪಾಯಿ, ಜಿಎಸ್‌ಟಿ ಬೇರೆ. ಬರೀ ಥರ್ಡ್ ಪಾರ್ಟಿ ಪಾಲಿಸಿಯಲ್ಲಿ ನಿಮ್ಮ ಹಿಂದೆ ಕೂತವರಿಗೆ ರಕ್ಷಣೆ ಸಿಗುವುದಿಲ್ಲ. ಅದು ಬೇಕಿದ್ದರೆ ಹೆಚ್ಚುವರಿ ಹಣ ಕಟ್ಟಿ ಸೇರಿಸಬೇಕು, ಏಜೆಂಟ್ ಹೇಳದಿದ್ದರೂ ನೀವೇ ಕೇಳಿ.