ಸಮ್ಮರ್ ಕ್ಲಾಸ್‌ಗೆ ಫೈನಾನ್ಶಿಯಲ್ ಏಡ್ ಸಿಗುತ್ತಾ?

ಪ್ರಶ್ನೆ: "ನಮ್ಮ ಮಗಳು ಸ್ಟೇಟ್ ಯೂನಿವರ್ಸಿಟಿಯಲ್ಲಿ ಎರಡನೇ ವರ್ಷ ಓದುತ್ತಿದ್ದಾಳೆ. ಫಾಲ್, ಸ್ಪ್ರಿಂಗ್ ಸೆಮಿಸ್ಟರ್ ಎರಡಕ್ಕೂ ಪೆಲ್ ಗ್ರಾಂಟ್ (ಕಮ್ಮಿ ಆದಾಯದ ಮನೆಯ ಮಕ್ಕಳ ಓದಿಗೆ ಅಮೆರಿಕದ ಸರ್ಕಾರ ಕೊಡುವ ಹಣ) ಬಂದಿದೆ. ಬೇಸಿಗೆಯಲ್ಲಿ ಎರಡು ಕೋರ್ಸ್ ಮುಗಿಸ್ತೀನಿ ಅಂತಿದ್ದಾಳೆ. ಆದರೆ ಸಮ್ಮರ್‌ಗೆ ಏಡ್ ಕೊಡಲ್ಲ, ಕೈಯಿಂದಲೇ ಕಟ್ಟಬೇಕು ಅಂತ ಎಲ್ಲರೂ ಹೇಳ್ತಾರೆ. ನಿಜವಾ?"

ನಿಜ ಅಲ್ಲ. ಆದರೆ ನಿಮ್ಮನ್ನು ದೂರಲಾರೆ. ಅಮೆರಿಕದಲ್ಲಿ ಮಕ್ಕಳನ್ನು ಓದಿಸುತ್ತಿರುವ ನಮ್ಮವರು ಈ ಪ್ರಶ್ನೆಯನ್ನು ಪ್ರತಿ ವರ್ಷ ಯುಗಾದಿ ಹೊತ್ತಿಗೆ ಕೇಳುತ್ತಾರೆ. ಕನ್ನಡ ಕೂಟದ ಊಟದ ಸಾಲಿನಲ್ಲಿ ಒಬ್ಬರು ಕೇಳುತ್ತಾರೆ. ನಾನು ಉತ್ತರ ಹೇಳುವ ಮುಂಚೆ ಹಿಂದೆ ನಿಂತವರು "ಇಲ್ಲ ಕಣ್ರೀ, ಸಮ್ಮರ್‌ಗೆ ಏನೂ ಇಲ್ಲ" ಅಂದುಬಿಡುತ್ತಾರೆ. ಅಷ್ಟಕ್ಕೇ ಮಾತು ಮುಗಿಯುತ್ತದೆ. ಆ ಒಂದು ಮಾತಿನಿಂದ ಸಾವಿರಾರು ಡಾಲರ್ ಬಿಟ್ಟುಕೊಟ್ಟ ಮನೆಗಳನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅದಕ್ಕೇ ಈ ಸಲ ಪೂರ್ತಿ ಬರೆದು ಇಡುತ್ತಿದ್ದೇನೆ. ಮುಂದಿನ ವರ್ಷ ಯಾರು ಕೇಳಿದರೂ ಇದನ್ನೇ ಕಳಿಸಿ.

ಮೊದಲು ಈ ತಪ್ಪು ನಂಬಿಕೆ ಎಲ್ಲಿಂದ ಬಂತು ಅಂತ ನೋಡೋಣ. ಇದನ್ನು ಯಾರೂ ಸುಮ್ನೆ ಹುಟ್ಟಿಸಿದ್ದಲ್ಲ. ಒಂದು ಕಾಲಕ್ಕೆ ಇದು ಹೆಚ್ಚುಕಮ್ಮಿ ನಿಜವೇ ಆಗಿತ್ತು.

2009-10ರಲ್ಲಿ ಅಮೆರಿಕದ ಸರ್ಕಾರ ಪೆಲ್ ಗ್ರಾಂಟನ್ನು ಬೇಸಿಗೆಗೂ ವಿಸ್ತರಿಸಿತು. ಫಾಲ್, ಸ್ಪ್ರಿಂಗ್ ಮುಗಿಸಿದ ಹುಡುಗ ಬೇಸಿಗೆಯಲ್ಲೂ ಓದಿದರೆ ಅದೇ ವರ್ಷ ಹೆಚ್ಚುವರಿ ಪೆಲ್ ಸಿಗುತ್ತಿತ್ತು. ಖರ್ಚು ಜಾಸ್ತಿಯಾಯಿತು ಅಂತ ಎರಡೇ ವರ್ಷಕ್ಕೆ ಅದನ್ನು ನಿಲ್ಲಿಸಿದರು. 2011-12ರಿಂದ ಹೆಚ್ಚುವರಿ ಪೆಲ್ ಇಲ್ಲವಾಯಿತು. ಎರಡೂ ಸೆಮಿಸ್ಟರ್ ಫುಲ್ ಟೈಮ್ ಓದಿದವರಿಗೆ ಬೇಸಿಗೆ ಹೊತ್ತಿಗೆ ಪೆಲ್ ಖಾಲಿ. ಈ ಸ್ಥಿತಿ ಆರು ವರ್ಷ ಇತ್ತು. 2017ರ ಮೇ ತಿಂಗಳಲ್ಲಿ ಕಾಂಗ್ರೆಸ್, ಅಂದರೆ ಅಮೆರಿಕದ ಸಂಸತ್ತು, ಅದನ್ನು ವಾಪಸ್ ತಂದಿತು. ಆ ವರ್ಷದ ಜುಲೈ 1ರಿಂದ ಜಾರಿಯಾಯಿತು. ಇವತ್ತಿಗೂ ಇದೆ.

ಈಗ ಲೆಕ್ಕ ಹಾಕಿ ನೋಡಿ. ಆ ಆರು ವರ್ಷದಲ್ಲಿ ಕಾಲೇಜು ಮುಗಿಸಿದವರೇ ಇವತ್ತು ನಮ್ಮ ಮಕ್ಕಳಿಗೆ ಸಲಹೆ ಕೊಡುವ ಅಣ್ಣಂದಿರು, ಅಕ್ಕಂದಿರು. ಅವರು ಸುಳ್ಳು ಹೇಳುತ್ತಿಲ್ಲ. ತಮಗೆ ಆದದ್ದನ್ನು ಹೇಳುತ್ತಿದ್ದಾರೆ. ಆದರೆ ಅವರು ಓದಿದ ಕಾಲದ ನಿಯಮ ಈಗಿಲ್ಲ. ಇದನ್ನು ಎಷ್ಟು ಸಲ ಹೇಳಿದರೂ ಮುಂದಿನ ಯುಗಾದಿಗೆ ಅದೇ ಮಾತು ಕಿವಿಗೆ ಬೀಳುತ್ತದೆ. ನಿಜಕ್ಕೂ ಬೇಜಾರಾಗುತ್ತದೆ.

ಇನ್ನೊಂದು ಕಾರಣವೂ ಇದೆ. ಕಾಲೇಜಿನಿಂದ ಬರುವ ಏಡ್ ಪತ್ರ ತೆಗೆದು ನೋಡಿ. ಸಾಮಾನ್ಯವಾಗಿ ಅದರಲ್ಲಿ ಎರಡೇ ಕಾಲಂ ಇರುತ್ತವೆ: ಫಾಲ್, ಸ್ಪ್ರಿಂಗ್. ಸಮ್ಮರ್ ಅನ್ನುವ ಕಾಲಂ ಇಲ್ಲ. ಇಲ್ಲದ್ದನ್ನು ನೋಡಿ "ಕೊಡಲ್ಲ" ಅಂತ ಅರ್ಥ ಮಾಡಿಕೊಳ್ಳುತ್ತೇವೆ. ಮಗು ಬೇಸಿಗೆಯಲ್ಲಿ ಓದುತ್ತದೋ ಇಲ್ಲವೋ ಕಾಲೇಜಿಗೆ ಗೊತ್ತಿಲ್ಲ, ಅದಕ್ಕೇ ಬರೆದಿಲ್ಲ. ಕೆಲವು ಕಾಲೇಜುಗಳಲ್ಲಿ ಸಮ್ಮರ್ ಏಡ್‌ಗೆ ಬೇರೆಯೇ ಒಂದು ಚಿಕ್ಕ ಅರ್ಜಿ ಇರುತ್ತದೆ. ಕೆಲವು ಕಡೆ ಕ್ಲಾಸ್‌ಗೆ ರಿಜಿಸ್ಟರ್ ಆದರೆ ಸಾಕು, ಅವರೇ ಲೆಕ್ಕ ಹಾಕುತ್ತಾರೆ. ನಿಮ್ಮ ಕಾಲೇಜು ಯಾವ ಥರದ್ದು ಅಂತ ಏಡ್ ಆಫೀಸಿಗೆ ಒಂದು ಇಮೇಲ್ ಹಾಕಿ ಕೇಳಿ. ಅದನ್ನು ಮಾರ್ಚ್‌ನಲ್ಲೇ ಕೇಳಿ. ಮೇ ತಿಂಗಳವರೆಗೆ ಕಾಯಬೇಡಿ.

ಈಗ ನಿಮ್ಮ ಮಗಳ ಲೆಕ್ಕ. 2025-26ಕ್ಕೆ ಪೆಲ್‌ನ ಗರಿಷ್ಠ ಮೊತ್ತ ವರ್ಷಕ್ಕೆ 7,395 ಡಾಲರ್. ಅವಳಿಗೆ ಪೂರ್ತಿ ಪೆಲ್ ಇದೆ ಅಂದುಕೊಳ್ಳಿ. ಎರಡು ಸೆಮಿಸ್ಟರ್‌ಗೆ ಹಂಚಿದರೆ ಒಂದಕ್ಕೆ ಸುಮಾರು 3,697. ಎರಡರಲ್ಲೂ 12 ಕ್ರೆಡಿಟ್, ಅಂದರೆ ಫುಲ್ ಟೈಮ್, ತಗೊಂಡಿದ್ದರೆ ಆ ವರ್ಷದ ಪೆಲ್ ಶೇ. 100 ಮುಗಿದಿದೆ. ಆದರೆ ಕಾನೂನು ಶೇ. 150ರವರೆಗೆ ಬಿಡುತ್ತದೆ. ಆ ಉಳಿದ ಶೇ. 50 ಬೇಸಿಗೆಗೆ. 12 ಕ್ರೆಡಿಟ್ ತಗೊಂಡರೆ ಮತ್ತೊಂದು 3,697. ಎರಡು ಕೋರ್ಸ್, ಅಂದರೆ 6 ಕ್ರೆಡಿಟ್ ತಗೊಂಡರೆ ಅದರ ಅರ್ಧ, ಸುಮಾರು 1,848 ಡಾಲರ್. ಇದು ಗ್ರಾಂಟ್, ಸಾಲ ಅಲ್ಲ. ವಾಪಸ್ ಕಟ್ಟಬೇಕಾಗಿಲ್ಲ.

ಇಲ್ಲೊಂದು ಗೆರೆ ಇದೆ, ಅದನ್ನು ಮರೆಯಬೇಡಿ. ಶೇ. 100 ದಾಟಿದ ಪೆಲ್ ಸಿಗಬೇಕಾದರೆ ಬೇಸಿಗೆಯಲ್ಲಿ ಕನಿಷ್ಠ ಹಾಫ್ ಟೈಮ್ ಇರಬೇಕು. ಸಾಮಾನ್ಯವಾಗಿ ಅದು 6 ಕ್ರೆಡಿಟ್. ನಿಮ್ಮ ಮಗಳು "ಒಂದೇ ಕೋರ್ಸ್ ಸಾಕು" ಅಂತ 3 ಕ್ರೆಡಿಟ್‌ಗೆ ಇಳಿದರೆ ಅವಳಿಗೆ ಸಿಗುವುದು ಸೊನ್ನೆ. ಎರಡು ಕೋರ್ಸ್ ಒಂದೇ ಸೆಷನ್‌ನಲ್ಲಿ ಇರಬೇಕಾಗಿಲ್ಲ. ಒಂದು ಜೂನ್ ಸೆಷನ್, ಇನ್ನೊಂದು ಜುಲೈ ಸೆಷನ್ ಆದರೂ ಕಾಲೇಜು ಇಡೀ ಬೇಸಿಗೆಯನ್ನು ಒಂದೇ ಟರ್ಮ್ ಅಂತ ಲೆಕ್ಕ ಹಾಕುತ್ತಿದ್ದರೆ ಎರಡೂ ಕೂಡುತ್ತವೆ. ಆದರೆ ಎರಡನೇ ಕೋರ್ಸ್ ಶುರು ಆಗುವ ಮುಂಚೆ ಬಿಟ್ಟುಬಿಟ್ಟರೆ ಲೆಕ್ಕ ಮತ್ತೆ 3 ಕ್ರೆಡಿಟ್‌ಗೆ ಬರುತ್ತದೆ.

ನನಗೆ ಇಷ್ಟವಾದ ಇನ್ನೊಂದು ಲೆಕ್ಕ ಹೇಳುತ್ತೇನೆ, ಇದು ಬಹಳ ಜನಕ್ಕೆ ಗೊತ್ತಿಲ್ಲ. ಒಬ್ಬ ಹುಡುಗ ಫಾಲ್‌ನಲ್ಲಿ 12 ಕ್ರೆಡಿಟ್ ಓದಿದ. ಸ್ಪ್ರಿಂಗ್‌ನಲ್ಲಿ ಒಂದು ಕೋರ್ಸ್ ಕಮ್ಮಿ ಮಾಡಿ 9 ತಗೊಂಡ. 2024-25ರಿಂದ ಪೆಲ್ ಅನ್ನು ಕ್ರೆಡಿಟ್‌ಗೆ ತಕ್ಕಂತೆ ಅಳೆಯುತ್ತಾರೆ. ಹಾಗಾಗಿ ಸ್ಪ್ರಿಂಗ್‌ನಲ್ಲಿ ಅವನಿಗೆ ಶೇ. 75 ಮಾತ್ರ ಬಂತು, ಸುಮಾರು 924 ಡಾಲರ್ ಉಳಿಯಿತು. ಇವನು ಬೇಸಿಗೆಯಲ್ಲಿ 3 ಕ್ರೆಡಿಟ್‌ನ ಒಂದೇ ಕೋರ್ಸ್ ತಗೊಂಡರೂ ಆ 924 ಸಿಗುತ್ತದೆ. ಯಾಕೆಂದರೆ ಅವನ ಶೇ. 100 ಇನ್ನೂ ಮುಗಿದಿಲ್ಲ, ಹಾಫ್ ಟೈಮ್ ನಿಯಮ ಅವನಿಗೆ ಅಡ್ಡ ಬರುವುದಿಲ್ಲ. ಇದನ್ನು ನಮ್ಮ ಕೂಟದ ಒಬ್ಬ ಹುಡುಗನಿಗೆ ಪೇಪರ್ ಮೇಲೆ ಬರೆದು ತೋರಿಸಿದೆ. ಅವನೇ ಏಡ್ ಆಫೀಸಿಗೆ ಹೋಗಿ ಕೇಳಿ ತಗೊಂಡು ಬಂದ. ಆ ದಿನ ನನಗೆ ಆದ ಖುಷಿ ಅಷ್ಟಿಷ್ಟಲ್ಲ.

ಜೀವಮಾನದಲ್ಲಿ ಪೆಲ್‌ಗೆ ಒಟ್ಟು ಶೇ. 600 ಮಿತಿ ಇದೆ, ಅಂದರೆ 12 ಫುಲ್ ಟೈಮ್ ಸೆಮಿಸ್ಟರ್‌ನಷ್ಟು. ನಾಲ್ಕು ವರ್ಷದಲ್ಲಿ ಮುಗಿಸುವ ಮಕ್ಕಳಿಗೆ ಅದು ತಲೆನೋವಲ್ಲ.

ಪೆಲ್ ಬರದ ಮನೆಗಳೇ ನಮ್ಮಲ್ಲಿ ಜಾಸ್ತಿ ಅಂತ ಗೊತ್ತಿದೆ. ಅವರಿಗೆ ಉಳಿಯುವುದು ಫೆಡರಲ್ ಸಾಲ. ಇಲ್ಲಿ ನಿಜಕ್ಕೂ ಬಿಗಿ ಇದೆ. ಸಾಲಕ್ಕೆ ಪೆಲ್ ಥರ ಶೇ. 150 ಇಲ್ಲ. ತಂದೆ ತಾಯಿ ಮೇಲೆ ಅವಲಂಬಿತರಾದ ಮಕ್ಕಳಿಗೆ ಮೊದಲ ವರ್ಷ 5,500 ಡಾಲರ್, ಎರಡನೇ ವರ್ಷ 6,500, ಮೂರನೇ ವರ್ಷದಿಂದ 7,500. ಎರಡನೇ ವರ್ಷದವಳು ಫಾಲ್‌ನಲ್ಲಿ 3,250, ಸ್ಪ್ರಿಂಗ್‌ನಲ್ಲಿ 3,250 ತಗೊಂಡಿದ್ದರೆ ಆ ವರ್ಷದ್ದು ಮುಗಿಯಿತು. ಬೇಸಿಗೆಯಲ್ಲಿ ಓದುವ ಯೋಚನೆ ಇದ್ದರೆ ಫಾಲ್‌ನಲ್ಲೇ ಸ್ವಲ್ಪ ಕಮ್ಮಿ ತಗೊಂಡು ಉಳಿಸಬೇಕು. ಒಂದು ಸಣ್ಣ ದಾರಿ ಇದೆ: ಮೊದಲ ವರ್ಷದ ಹುಡುಗಿ ಸ್ಪ್ರಿಂಗ್ ಮುಗಿಯುವಾಗ ಎರಡನೇ ವರ್ಷಕ್ಕೆ ಬೇಕಾದಷ್ಟು ಕ್ರೆಡಿಟ್ ಗಳಿಸಿದ್ದರೆ ಅವಳ ಮಿತಿ ಸಾವಿರ ಡಾಲರ್ ಏರಬಹುದು. ಏಡ್ ಆಫೀಸಿನಲ್ಲಿ ಇದನ್ನು ಬಾಯಿಬಿಟ್ಟು ಕೇಳಬೇಕು. ಸಾಲಕ್ಕೂ ಕನಿಷ್ಠ ಹಾಫ್ ಟೈಮ್ ಇರಲೇಬೇಕು. 2026ರ ಜುಲೈ 1ರಿಂದ ಇನ್ನೊಂದು ಬದಲಾವಣೆ: ಫುಲ್ ಟೈಮ್‌ಗಿಂತ ಕಮ್ಮಿ ಓದುವವರಿಗೆ ವರ್ಷದ ಸಾಲದ ಮಿತಿಯೂ ಅದೇ ಪ್ರಮಾಣದಲ್ಲಿ ಕಮ್ಮಿಯಾಗುತ್ತದೆ.

ಯಾವ ವರ್ಷದ ಫಾಫ್ಸಾ, ಅಂದರೆ ಫೆಡರಲ್ ಏಡ್‌ಗೆ ತುಂಬುವ ಅರ್ಜಿ, ಬೇಕು ಅನ್ನುವುದು ಮುಂದಿನ ಗೊಂದಲ. ಏಡ್ ವರ್ಷ ಜುಲೈ 1ಕ್ಕೆ ಶುರುವಾಗಿ ಜೂನ್ 30ಕ್ಕೆ ಮುಗಿಯುತ್ತದೆ. ಬೇಸಿಗೆ ಸರಿಯಾಗಿ ಆ ಗೆರೆಯ ಎರಡೂ ಕಡೆ ಕಾಲಿಟ್ಟು ನಿಂತಿದೆ. ಕೆಲವು ಕಾಲೇಜು ಬೇಸಿಗೆಯನ್ನು ಕಳೆದ ವರ್ಷದ ಬಾಲ ಅಂತ ಹಿಡಿಯುತ್ತವೆ, ಕೆಲವು ಮುಂದಿನ ವರ್ಷದ ತಲೆ ಅಂತ. 2026ರ ಬೇಸಿಗೆಗೆ ಒಂದು ಕಡೆ 2025-26ರ ಫಾಫ್ಸಾ ಬೇಕು, ಇನ್ನೊಂದು ಕಡೆ 2026-27ರದ್ದು. ಎರಡನ್ನೂ ತುಂಬಿಬಿಡಿ, ದುಡ್ಡೇನೂ ಇಲ್ಲ. 2025-26ರದ್ದಕ್ಕೆ ಕೊನೆ ದಿನ 2026ರ ಜೂನ್ 30. ಬೇಸಿಗೆಯನ್ನು ತಲೆ ಅಂತ ಹಿಡಿಯುವ ಕಾಲೇಜಾದರೆ ಸಾಲದ ವಿಷಯದಲ್ಲಿ ಹುಷಾರು. ಬೇಸಿಗೆಯಲ್ಲಿ ತಗೊಂಡ ಸಾಲ ಮುಂದಿನ ಫಾಲ್, ಸ್ಪ್ರಿಂಗ್‌ನ ಪಾಲಿನಿಂದಲೇ ಹೋಗುತ್ತದೆ.

ಎಚ್-1ಬಿ ಕೆಲಸದ ವೀಸಾದ ಮನೆಗಳಿಗೆ ಒಂದು ಮಾತು. ಮಗು ಇಲ್ಲೇ ಹುಟ್ಟಿದ್ದರೆ ಅದು ಅಮೆರಿಕದ ಪ್ರಜೆ, ಫಾಫ್ಸಾ ತುಂಬಬಹುದು. ನಿಮಗೆ ಗ್ರೀನ್ ಕಾರ್ಡ್ ಬಂದಿಲ್ಲ ಅನ್ನುವುದು ಮಗುವಿನ ಅರ್ಹತೆಗೆ ಅಡ್ಡಿಯಲ್ಲ. ಎಚ್-4 (ಎಚ್-1ಬಿಯವರ ಕುಟುಂಬದ ವೀಸಾ) ಅಥವಾ ಎಫ್-1 (ವಿದ್ಯಾರ್ಥಿ ವೀಸಾ) ಮೇಲೆ ಇರುವ ಮಕ್ಕಳಿಗೆ ಮಾತ್ರ ಫೆಡರಲ್ ಹಣ ಇಲ್ಲ. ಕೆಲಸ ಹೋಗಿದ್ದರೆ ಇನ್ನೊಂದು ದಾರಿ ಇದೆ. ಫಾಫ್ಸಾ ಎರಡು ವರ್ಷ ಹಿಂದಿನ ಆದಾಯ ನೋಡುತ್ತದೆ. 2025-26ಕ್ಕೆ 2023ರ ಆದಾಯ. ಈಗಿನ ಸ್ಥಿತಿ ಬೇರೆ ಅಂತ ದಾಖಲೆ ಸಮೇತ ಏಡ್ ಆಫೀಸಿಗೆ ಬರೆದರೆ ಅವರಿಗೆ ಲೆಕ್ಕ ತಿದ್ದುವ ಅಧಿಕಾರ ಇದೆ. ಇದನ್ನು ಕೇಳಲು ನಾಚಿಕೆ ಪಡಬೇಡಿ.

ಬೇಸಿಗೆ ಕೋರ್ಸ್ ತಗೊಂಡು ಮಧ್ಯೆ ಬಿಡುವುದು ಮಾತ್ರ ದುಬಾರಿ. 15 ವಾರದ ಪಾಠ ಐದಾರು ವಾರಕ್ಕೆ ಇಳಿದಿರುತ್ತದೆ. ಅವಧಿಯ ಶೇ. 60 ಮುಗಿಯುವ ಮುಂಚೆ ಎಲ್ಲ ಕೋರ್ಸ್ ಬಿಟ್ಟರೆ ಏಡ್‌ನ ಒಂದು ಭಾಗ ವಾಪಸ್ ಹೋಗಬಹುದು, ಆ ಮೊತ್ತಕ್ಕೆ ಕಾಲೇಜು ವಿದ್ಯಾರ್ಥಿಗೇ ಬಿಲ್ ಕಳಿಸುತ್ತದೆ. ಏಡ್ ಉಳಿಯಲು ತಗೊಂಡ ಕ್ರೆಡಿಟ್‌ಗಳಲ್ಲಿ ಸಾಮಾನ್ಯವಾಗಿ ಶೇ. 67 ಪಾಸ್ ಆಗಿರಬೇಕು. ಬಿಟ್ಟ ಬೇಸಿಗೆ ಕೋರ್ಸ್‌ಗಳೂ ಆ ಲೆಕ್ಕಕ್ಕೆ ಸೇರುತ್ತವೆ.

ನೀವು ಕೇಳಿಲ್ಲ, ಆದರೂ ಒಂದು ವಿಷಯ ಹೇಳದೆ ಬಿಡಲಾರೆ. ನಿಮ್ಮ ಮಗಳು ಮೇ ತಿಂಗಳಲ್ಲಿ ಮನೆಗೆ ಬಂದ ಮೇಲೆ "ಹತ್ತಿರದ ಕಮ್ಯುನಿಟಿ ಕಾಲೇಜಲ್ಲೇ ತಗೋತೀನಿ" ಅನ್ನಬಹುದು. ಒಳ್ಳೆಯ ಯೋಚನೆಯೇ, ಇವು ಎರಡು ವರ್ಷದ ಕೋರ್ಸ್‌ಗಳ, ಕಮ್ಮಿ ಫೀಸಿನ ಸ್ಥಳೀಯ ಕಾಲೇಜುಗಳು. ಕ್ಯಾಲಿಫೋರ್ನಿಯಾದ ಸೆಮಿಸ್ಟರ್ ಪದ್ಧತಿಯ ಕಮ್ಯುನಿಟಿ ಕಾಲೇಜಲ್ಲಿ ರಾಜ್ಯದ ನಿವಾಸಿಗೆ ಯೂನಿಟ್‌ಗೆ (ಕ್ರೆಡಿಟ್‌ಗೆ ಅಲ್ಲಿನ ಹೆಸರು) 46 ಡಾಲರ್. 3 ಯೂನಿಟ್‌ನ ಕೋರ್ಸ್ 138 ಡಾಲರ್‌ಗೆ ಮುಗಿಯುತ್ತದೆ, ಪುಸ್ತಕ, ಸಣ್ಣಪುಟ್ಟ ಫೀಸ್ ಬೇರೆ. ಕೆಲವು ಸಲ ಏಡ್ ಹಿಂದೆ ಓಡುವುದಕ್ಕಿಂತ ಇದೇ ಸಲೀಸು. ಎಚ್-4 ಮಕ್ಕಳಿರುವ ಮನೆಯವರೂ ಈ ದಾರಿ ವಿಚಾರಿಸಿ.

ಆದರೆ ಆ ಕಾಲೇಜು ಅವಳಿಗೆ ಏಡ್ ಕೊಡುವುದಿಲ್ಲ. ಡಿಗ್ರಿ ಕೊಡುವ ಕಾಲೇಜಿನಿಂದ ಮಾತ್ರ ಏಡ್ ಬರಬೇಕು. ಆ ಏಡ್ ಕಮ್ಯುನಿಟಿ ಕಾಲೇಜಿನ ಕೋರ್ಸ್‌ಗೆ ಸಿಗಬೇಕಾದರೆ ಎರಡು ಕಾಲೇಜುಗಳ ನಡುವೆ ಕನ್ಸಾರ್ಷಿಯಂ ಅಗ್ರಿಮೆಂಟ್ ಅನ್ನುವ ಒಪ್ಪಂದ ಆಗಬೇಕು. ಕೆಲವು ಯೂನಿವರ್ಸಿಟಿಗಳು ಅದನ್ನು ಮಾಡಿಕೊಡುವುದೇ ಇಲ್ಲ. ಕೇಳಿ, ಕ್ಲಾಸ್ ಶುರು ಆಗುವ ಮುಂಚೆಯೇ ಕೇಳಿ.

ಕ್ರೆಡಿಟ್ ಟ್ರಾನ್ಸ್‌ಫರ್ ಆಗುತ್ತಾ ಅನ್ನುವುದು ಇದಕ್ಕಿಂತ ದೊಡ್ಡದು. ಕ್ಯಾಲಿಫೋರ್ನಿಯಾದಲ್ಲಿ ಅಸಿಸ್ಟ್ ಅನ್ನುವ ವೆಬ್‌ಸೈಟ್‌ನಲ್ಲಿ ಯಾವ ಕೋರ್ಸ್ ಯಾವುದಕ್ಕೆ ಸಮ ಅಂತ ನೋಡಬಹುದು. ಟೆಕ್ಸಸ್‌ನಲ್ಲಿ ಕೋರ್ಸ್‌ಗಳಿಗೆ ರಾಜ್ಯಕ್ಕೆಲ್ಲ ಹೊಂದುವ ಒಂದೇ ನಂಬರ್ ಪದ್ಧತಿ ಇದೆ. ಸಾಮಾನ್ಯವಾಗಿ ಕ್ರೆಡಿಟ್ ಮಾತ್ರ ಬರುತ್ತದೆ, ಗ್ರೇಡ್ ಅವಳ ಜಿಪಿಎಗೆ, ಅಂದರೆ ಗ್ರೇಡ್‌ಗಳ ಸರಾಸರಿಗೆ, ಸೇರುವುದಿಲ್ಲ. ಇದನ್ನು ಕೇಳಿ ಪ್ರೀ-ಮೆಡ್, ಅಂದರೆ ಮೆಡಿಕಲ್ ಕಾಲೇಜಿಗೆ ತಯಾರಾಗುವ, ಮಕ್ಕಳು ಕೆಮಿಸ್ಟ್ರಿಯನ್ನು ಬೇಸಿಗೆಗೆ ತಳ್ಳಿ "ಬಿ ಬಂದರೂ ಪರವಾಗಿಲ್ಲ" ಅಂದುಕೊಳ್ಳುತ್ತಾರೆ. ಮೆಡಿಕಲ್ ಕಾಲೇಜಿನ ಅರ್ಜಿ ವ್ಯವಸ್ಥೆ, ಅಂದರೆ ಆಮ್‌ಕಾಸ್, ಓದಿದ ಎಲ್ಲ ಕಾಲೇಜುಗಳ ಟ್ರಾನ್ಸ್‌ಕ್ರಿಪ್ಟ್ ಕೇಳುತ್ತದೆ. ಎಲ್ಲ ಗ್ರೇಡ್‌ಗಳನ್ನೂ ಸೇರಿಸಿ ತನ್ನದೇ ಜಿಪಿಎ ಲೆಕ್ಕ ಹಾಕುತ್ತದೆ. ಕಮ್ಯುನಿಟಿ ಕಾಲೇಜಿನ ಆ ಬಿ ಅಲ್ಲಿ ಕಾಣಿಸುತ್ತದೆ.

ಕೋರ್ಸ್ ಸೇರುವ ಮುಂಚೆ ಮಗಳು ತನ್ನ ಅಡ್ವೈಸರ್‌ಗೆ ಕೋರ್ಸ್ ನಂಬರ್ ಸಮೇತ ಇಮೇಲ್ ಹಾಕಿ "ಇದು ನನ್ನ ಡಿಗ್ರಿಗೆ ಸೇರುತ್ತಾ" ಅಂತ ಕೇಳಲಿ. ಬಂದ ಉತ್ತರವನ್ನು ಅಳಿಸದೆ ಇಟ್ಟುಕೊಳ್ಳಲಿ. ಆಗಸ್ಟ್‌ನಲ್ಲಿ ಟ್ರಾನ್ಸ್‌ಕ್ರಿಪ್ಟ್ ಕಳಿಸುವಾಗ ಅದು ಬೇಕಾಗುತ್ತದೆ.