ಮಸ್ಕ್ ಎಂದರೆ ಮೂಗಿಗೆ ರಾಚುವುದಲ್ಲ

ಗಡ್ಡದ ಎಣ್ಣೆ, ಶೇವಿಂಗ್ ಕ್ರೀಮ್, ಡಿಯೋಡರೆಂಟ್‌ಗಳ ಗುಣಗಾನ ಬರೆಯುವವರ ಕೈಗೆ ಸಿಕ್ಕಿ ಹೈರಾಣಾದ ಪದವೆಂದರೆ ಇಂಗ್ಲಿಷಿನ ‘ಮಸ್ಕಿ’, ಅಂದರೆ ಕಸ್ತೂರಿಯ ಕಂಪುಳ್ಳದ್ದು. ಹೊಗೆ, ಚರ್ಮ, ತಂಬಾಕು, ದೇವದಾರು, ಹೀಗೆ ಸ್ವಲ್ಪ ಗಾಢವಾದದ್ದೆಲ್ಲ ಅವರಿಗೆ ಮಸ್ಕಿ. ಮೊನ್ನೆ ಒಬ್ಬರು ಮಳೆಗಾಲದಲ್ಲಿ ಒಣಗದ ಟವೆಲಿನ ವಾಸನೆಗೂ ಅದನ್ನೇ ಅಂಟಿಸಿದ್ದರು. ಅವರ ಮನಸ್ಸಿನಲ್ಲಿದ್ದದ್ದು ‘ಮಸ್ಟಿ’. ಉಚ್ಚಾರ ಹತ್ತಿರವಾದರೂ ಎರಡಕ್ಕೂ ಹುಟ್ಟಿನಲ್ಲಿ ನಂಟಿಲ್ಲ. ‘ಮುಗ್ಗಲು’ ಎಂಬ ಒಳ್ಳೆಯ ಕನ್ನಡ ಪದವಿರುವಾಗ ಅದಾದರೂ ಏಕೆ ಬೇಕಿತ್ತು? ಇನ್ನು ಬರೀ ‘ಮಸ್ಕಿ’ ಎಂದರೆ, 1915ರಲ್ಲಿ ಅಶೋಕನ ಹೆಸರಿರುವ ಶಾಸನ ಸಿಕ್ಕಿದ ರಾಯಚೂರು ಜಿಲ್ಲೆಯ ಊರು.

ಮಸ್ಕ್ ಎಂದರೆ ಕಸ್ತೂರಿ. ಆದರೆ ಪದ ಬಂದ ದಾರಿ ನೇರವಾದುದಲ್ಲ. ಸಂಸ್ಕೃತದಲ್ಲಿ ‘ಮುಷ್ಕ’ ಎಂದರೆ ವೃಷಣ; ಅಕ್ಷರಶಃ ‘ಪುಟ್ಟ ಇಲಿ’, ನಮ್ಮ ಮೂಷಿಕನ ಬಳಗದ್ದೇ. ಅಲ್ಲಿಂದ ಪಾರಸಿಯ ‘ಮುಷ್ಕ್’, ಗ್ರೀಕ್, ಲ್ಯಾಟಿನ್, ಫ್ರೆಂಚ್‌ಗಳನ್ನು ಹಾದು ಇಂಗ್ಲಿಷಿನ ‘ಮಸ್ಕ್’ ಆಯಿತೆಂದು ನಿಘಂಟುಕಾರರು ಹೇಳುತ್ತಾರೆ. ಕಸ್ತೂರಿಯ ಚೀಲ ನೋಡಲು ವೃಷಣದಂತಿದ್ದುದೇ ಹೆಸರಿಗೆ ಕಾರಣ. ನಮ್ಮವರು ಮಾತ್ರ ಮರ್ಯಾದೆಯಿಂದ ‘ಮೃಗನಾಭಿ’ ಎಂದರು. ನಿಜಕ್ಕೂ ಆ ಗ್ರಂಥಿ ಇರುವುದು ಗಂಡು ಕಸ್ತೂರಿಮೃಗದ ಹೊಟ್ಟೆಯಡಿಯಲ್ಲಿ, ಹೊಕ್ಕುಳಿಗೂ ಜನನಾಂಗಕ್ಕೂ ನಡುವೆ. ಎರಡು ಹೆಸರುಗಳೂ ಅಷ್ಟಿಷ್ಟು ಗುರಿ ತಪ್ಪಿವೆ. ತಮಾಷೆಯೆಂದರೆ, ‘ಕಸ್ತೂರಿ’ ಎಂಬುದಕ್ಕೆ ಗ್ರೀಕಿನ ‘ಕಾಸ್ಟರ್’, ಅಂದರೆ ಬೀವರ್ ಎಂಬ ಪ್ರಾಣಿಯ ಹೆಸರು ಮೂಲವಿರಬಹುದೆಂದು ಕೆಲವು ವಿದ್ವಾಂಸರು ಊಹಿಸುತ್ತಾರೆ. ಆ ಊಹೆ ಸರಿಯಾದರೆ ನಮ್ಮ ಪದ ಅವರ ಮನೆಯಲ್ಲಿ, ಅವರ ಪದ ನಮ್ಮ ಮನೆಯಲ್ಲಿ.

ಹಿಮಾಲಯದ ಆ ಮೃಗಕ್ಕೂ ನಿಮ್ಮ ಸ್ನಾನದ ಮನೆಯ ಬಾಟಲಿಗೂ ಈಗ ಸಂಬಂಧವಿಲ್ಲ. ಭಾರತದಲ್ಲಿ 1972ರ ವನ್ಯಜೀವಿ ಕಾಯ್ದೆ ಅದಕ್ಕೆ ರಕ್ಷಣೆ ಕೊಟ್ಟಿದೆ. ಬಾಟಲಿಯೊಳಗಿರುವುದು ಪ್ರಯೋಗಾಲಯದ ಸರಕು. 1888ರಲ್ಲಿ ಆಲ್ಬರ್ಟ್ ಬೌರ್ ಎಂಬ ಜರ್ಮನ್ ರಸಾಯನಶಾಸ್ತ್ರಜ್ಞ ಸ್ಫೋಟಕದ ಕೆಲಸದಲ್ಲಿದ್ದಾಗ ಕಸ್ತೂರಿಯಂತೆ ಘಮಿಸುವ ವಸ್ತುವೊಂದು ಕೈಗೆ ಬಂತು. ಟಿಎನ್‌ಟಿ ಎಂಬ ಸ್ಫೋಟಕದ ಹತ್ತಿರದ ನೆಂಟ ಅದು. ಅಸಲು ಕಸ್ತೂರಿಯ ಕಂಪಿಗೆ ಕಾರಣವಾದ ಮಸ್ಕೋನ್ ಎಂಬ ಅಣುವಿನ ರಚನೆಯನ್ನು ರುಜಿಚ್ಕಾ ಎಂಬ ರಸಾಯನಶಾಸ್ತ್ರಜ್ಞ ಬಿಡಿಸಿದ್ದು 1926ರಲ್ಲಿ.

ಮುಂದೆ ಬಂದ ಕೃತಕ ಮಸ್ಕ್‌ಗಳು ಅಗ್ಗ; ಜೊತೆಗೆ ನೀರಿನಲ್ಲಿ ಕೊಚ್ಚಿಹೋಗದೆ ಬಟ್ಟೆಗೆ ಕಚ್ಚಿಕೊಳ್ಳುತ್ತವೆ. ಬಟ್ಟೆ ಒಗೆಯುವ ಪುಡಿಗೆ ಇನ್ನೇನು ಬೇಕು? ಹೀಗಾಗಿ ಇಂದಿನ ಮಸ್ಕ್ ಎಂದರೆ ಆಗಷ್ಟೇ ಇಸ್ತ್ರಿಯಾದ ಹತ್ತಿ ಅಂಗಿಯ ಬೆಚ್ಚನೆಯ, ನಸುಸಿಹಿ ಕಂಪು. ‘ವೈಟ್ ಮಸ್ಕ್’ ಎಂದು ಬರೆದಿದ್ದರಂತೂ ಇದೇ. ಅಲ್ಲಿನ ಬಿಳುಪು ವಸ್ತುವಿನ ಬಣ್ಣವಲ್ಲ, ಶುಭ್ರತೆಯ ಜಾಹೀರಾತು. ಗಂಡಸುತನದ ಘಾಟೆಂದು ನಂಬಿ ಜನ ಮೈಗೆ ಸಿಂಪಡಿಸಿಕೊಳ್ಳುತ್ತಿರುವುದು ಅಗಸರ ಅಂಗಡಿಯ ಪರಿಮಳವನ್ನು. ಅದರಲ್ಲಿ ನಾಚಿಕೆಪಡುವಂಥದ್ದೇನಿಲ್ಲ, ಹೆಸರು ಸರಿಯಾಗಿ ಹೇಳಿದರೆ ಸಾಕು.

ಹೆಸರಿನಲ್ಲಿ ಕಸ್ತೂರಿ ಇದ್ದಲ್ಲೆಲ್ಲ ಮಸ್ಕ್ ಹುಡುಕುವವರೂ ಇದ್ದಾರೆ. ಕಸ್ತೂರಿ ಅರಿಶಿನದ ಫೇಸ್‌ಪ್ಯಾಕಿನಲ್ಲಿ ಮೂಗಿಗೆ ಸಿಗುವುದು ಕರ್ಪೂರದ ಛಾಯೆ. ಅಲ್ಲಿ ಕಸ್ತೂರಿ ಎಂಬುದು ‘ಕಸ್ತೂರಿ ಕನ್ನಡ’ದಲ್ಲಿರುವಂತೆ ಹೊಗಳಿಕೆ. ಬೆಂಡೆಯ ಸಂಬಂಧಿಯಾದ ಲತಾಕಸ್ತೂರಿಯ ಬೀಜಕ್ಕೆ ಮಾತ್ರ ಆ ಹೆಸರು ನಿಜಕ್ಕೂ ಸಲ್ಲುತ್ತದೆ. ಪುನುಗು ಬೇರೆ ಪ್ರಾಣಿಯದು, ಬೇರೆ ವಾಸನೆ. ಅದನ್ನು ಇಲ್ಲಿಗೆ ಎಳೆದು ತರಬೇಡಿ.

ಇನ್ನೊಂದು ವಿಷಯ. ಮಸ್ಕ್‌ನ ಅಣುಗಳು ದೊಡ್ಡವು. ಕೆಲವರ ಮೂಗಿಗೆ ಕೆಲವು ಮಸ್ಕ್‌ಗಳು ತಿಳಿಯುವುದೇ ಇಲ್ಲ, ಉಳಿದೆಲ್ಲ ವಾಸನೆಗಳಿಗೆ ಮೂಗು ಚುರುಕಾಗಿದ್ದರೂ ಸಹ. ಆದ್ದರಿಂದ ‘ಹತ್ತು ನಿಮಿಷಕ್ಕೇ ಹಾರಿಹೋಯಿತು’ ಎಂದು ಡಿಯೋಡರೆಂಟಿಗೆ ಒಂದೇ ನಕ್ಷತ್ರ ಕೊಡುವ ಮೊದಲು, ಪಕ್ಕದಲ್ಲಿ ಕುಳಿತವರನ್ನೊಮ್ಮೆ ಕೇಳಿ ನೋಡಿ.