ಗಾಜಿನ ಮೇಲಿಲ್ಲದ ಕೆಂಪು ಚುಕ್ಕೆ

ಬಂದೂಕಿನ ಮೇಲೆ ಕೂರಿಸಿದ ರೆಡ್ ಡಾಟ್ ಸೈಟಿನಲ್ಲಿ, ಅಂದರೆ ಕೆಂಪು ಚುಕ್ಕೆ ತೋರಿಸಿ ಗುರಿಯಿಡಲು ನೆರವಾಗುವ ಸಾಧನದಲ್ಲಿ, ಮೊದಲ ಸಲ ಕಣ್ಣಿಟ್ಟವರು ಆ ಚುಕ್ಕೆಯನ್ನು ಲೇಸರ್ ಎಂದು ತಿಳಿಯುವುದುಂಟು. ಲೇಸರಿನ ಬೆಳಕು ಗುರಿಯ ಮೇಲೆ ಹೋಗಿ ಬೀಳುತ್ತದೆ. ಇಲ್ಲಿ ಪುಟ್ಟ ಎಲ್‌ಇಡಿಯ ಬೆಳಕು ಮುಂದಿನ ಬಾಗಿದ ಗಾಜಿಗೆ ತಾಗಿ ನೋಡುವವರ ಕಣ್ಣಿಗೇ ಮರಳುತ್ತದೆ. ಗಾಜಿನ ಮೇಲಿನ ತೆಳುಲೇಪನವು ಕೆಂಪು ಬೆಳಕಿನ ಕಿರಿದಾದ ಪಟ್ಟಿಯನ್ನಷ್ಟೇ ಪ್ರತಿಫಲಿಸಿ ಉಳಿದುದನ್ನು ಹಾಯಗೊಡುವುದರಿಂದ ಆಚೆಯ ದೃಶ್ಯಕ್ಕೆ ತುಸು ನೀಲಿ ಛಾಯೆ ಬಂದಿರುತ್ತದೆ. ಎಲ್‌ಇಡಿಯು ಒಳಬಾಗಿದ ಕನ್ನಡಿಯಂತಿರುವ ಆ ಗಾಜಿನ ಸಂಗಮಬಿಂದುವಿನಲ್ಲಿ (ಫೋಕಸ್) ಇರುವ ಕಾರಣ ಮರಳುವ ಕಿರಣಗಳು ಸಮಾಂತರವಾಗಿರುತ್ತವೆ, ಚುಕ್ಕೆ ಬಹುದೂರದಲ್ಲಿದ್ದಂತೆ ತೋರುತ್ತದೆ. ಓಡುವ ಬಸ್ಸಿನ ಕಿಟಕಿಯಲ್ಲಿ ಚಂದ್ರ ಜೊತೆಗೇ ಬರುವಂತೆ ಕಾಣುವ ಹಾಗೆ, ತಲೆ ಅತ್ತಿತ್ತ ಸರಿದರೂ ಚುಕ್ಕೆ ತೋರಿಸುವ ದಿಕ್ಕು ಬದಲಾಗುವುದಿಲ್ಲ. ಐರ್ಲೆಂಡಿನ ದೂರದರ್ಶಕ ತಯಾರಕ ಹೋವರ್ಡ್ ಗ್ರಬ್ ಈ ತತ್ವವನ್ನು ರೂಪಿಸಿ ಪೇಟೆಂಟ್ ಮಾಡಿಸಿದ್ದು 1900ರಲ್ಲಿ. ಸ್ವೀಡನ್ನಿನ ಏಮ್‌ಪಾಯಿಂಟ್ ಕಂಪನಿ ತನ್ನ ಮೊದಲ ಎಲೆಕ್ಟ್ರಾನಿಕ್ ಸೈಟನ್ನು ಹೊರತಂದದ್ದು 1975ರಲ್ಲಿ.

ಆದರೆ ಆ ದಿಕ್ಕು ಸೈಟಿನದು, ನಳಿಕೆಯದಲ್ಲ. ಎರಡನ್ನೂ ಬೆಸೆಯುವುದು ಒಂದೆರಡು ಸಣ್ಣ ತಿರುಪುಗಳು. ಗುರಿ ತಪ್ಪಿದಾಗ ಚುಕ್ಕೆಯನ್ನು ದೂರುವ ಮೊದಲು ತಿರುಪುಗಳನ್ನು ನೋಡಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ. ಬಂದೂಕು ಖಾಲಿಯಿದೆಯೆಂದು ಖಚಿತಪಡಿಸಿಕೊಂಡ ಮೇಲೆ ತಿರುಪಿನ ಎಳೆಗಳ ಎಣ್ಣೆಯನ್ನು ಪೂರ್ತಿ ಒರೆಸಿ, ಸಡಿಲವಾಗದಂತೆ ಹಿಡಿಯುವ ಅಂಟನ್ನು ಒಂದು ಹನಿ ಹಚ್ಚಿ, ತಯಾರಕರು ಹೇಳಿದಷ್ಟೇ ಬಲದಲ್ಲಿ ಟಾರ್ಕ್ ಕೀಲಿಯಿಂದ ಬಿಗಿಯಬೇಕು. ಕಡಿಮೆಯಾದರೆ ಹಿನ್ನೆಗೆತದ ಏಟಿಗೆ ಸೈಟ್ ಜರುಗುತ್ತದೆ, ಹೆಚ್ಚಾದರೆ ಅಲ್ಯೂಮಿನಿಯಂ ಎಳೆಗಳು ಹರಿಯುತ್ತವೆ. ಬಿಗಿದ ನಂತರ ತಿರುಪಿನ ತಲೆಯಿಂದ ಸೈಟಿನ ಮೈಮೇಲಕ್ಕೆ ಬಣ್ಣದ ಪೆನ್ನಿನಿಂದ ಒಂದು ಗೆರೆ ಎಳೆದಿಟ್ಟರೆ, ತಿರುಪು ಕೂದಲೆಳೆಯಷ್ಟು ತಿರುಗಿದರೂ ಗೆರೆ ಮುರಿದು ಕಾಣುತ್ತದೆ.

ಚುಕ್ಕೆಯನ್ನು ನಳಿಕೆಗೆ ಹೊಂದಿಸುವ ಕೆಲಸದ ಅಳತೆ ಕೋನದ ನಿಮಿಷ, ಅಂದರೆ ಡಿಗ್ರಿಯ 60ನೇ ಒಂದು ಭಾಗ. 100 ಮೀಟರಿನಲ್ಲಿ ಅದು ಸುಮಾರು 2.9 ಸೆಂಟಿಮೀಟರ್, 25 ಮೀಟರಿನಲ್ಲಿ 7.3 ಮಿಲಿಮೀಟರ್. ಪರವಾನಗಿ ಪಡೆದ ರೇಂಜಿನಲ್ಲಿ ಮರಳಿನ ಚೀಲದ ಮೇಲೆ ಬಂದೂಕನ್ನು ಆನಿಸಿ ಮೂರರಿಂದ ಐದು ಗುಂಡು ಹಾರಿಸಿ, ಒಂದೊಂದು ರಂಧ್ರವನ್ನಲ್ಲದೆ ಇಡೀ ಗುಂಪಿನ ನಡುವನ್ನು ಅಳೆಯಬೇಕು. 25 ಮೀಟರಿನಲ್ಲಿ ಗುಂಪು 22 ಮಿಲಿಮೀಟರ್ ಕೆಳಗೆ ಬಿದ್ದಿದ್ದರೆ, ಕ್ಲಿಕ್ಕಿಗೆ ಒಂದು ನಿಮಿಷ ಸರಿಯುವ ಸೈಟಿನ ಹೊಂದಾಣಿಕೆಯ ತಿರುಪನ್ನು ‘ಮೇಲೆ’ ಎಂದು ಗುರುತಿಸಿದ ಕಡೆಗೆ ಮೂರು ಕ್ಲಿಕ್ ತಿರುಗಿಸಬೇಕು. ಆಗ ಚುಕ್ಕೆ ಕೆಳಗಿಳಿಯುವುದನ್ನು ಕಂಡು ಗಾಬರಿಯಾಗಬೇಕಿಲ್ಲ. ಇಳಿದ ಚುಕ್ಕೆಯನ್ನು ಗುರಿಗೆ ತರಲು ಕೈ ನಳಿಕೆಯನ್ನು ಎತ್ತುತ್ತದೆ.

ನಮ್ಮ ಬಳ್ಳಾರಿ ಸೀಮೆಯಲ್ಲಿ ಈ ಸಾಧನದ ದೊಡ್ಡ ಶತ್ರು ದೂಳು. ಸಂಡೂರಿನ ಗಣಿಗಳಿಂದ ಅದಿರು ಸಾಗಿಸುವ ಲಾರಿಗಳ ದಾರಿಯಲ್ಲಿ ಗಿಡದೆಲೆಯೂ ಕೆಂಪಾಗುತ್ತದೆ. ಆ ದೂಳಿನಲ್ಲಿರುವ ಹೆಮಟೈಟ್ ಎಂಬ ಕಬ್ಬಿಣದ ಅದಿರು ಗಾಜಿನಷ್ಟೇ ಅಥವಾ ಅದಕ್ಕಿಂತ ತುಸು ಗಟ್ಟಿ. ಕೊಪ್ಪಳದ ಗ್ರಾನೈಟ್ ಗುಡ್ಡಗಳ ಪುಡಿಯಲ್ಲಿರುವ ಕ್ವಾರ್ಟ್ಜ್ ಗಡಸುತನ ಅಳೆಯುವ ಮೋಹ್ಸ್ ಮಾಪನದಲ್ಲಿ 7, ಸಾಮಾನ್ಯ ಗಾಜು ಸುಮಾರು 5.5. ಆದ್ದರಿಂದ ಅಂಗಿಯ ಅಂಚಿನಿಂದ ಗಾಜು ಒರೆಸುವುದೆಂದರೆ ಲೇಪನವನ್ನು ಕೈಯಾರೆ ಉಜ್ಜಿ ತೆಗೆದಂತೆ. ಮೊದಲು ರಬ್ಬರ್ ಬುರುಡೆಯಿಂದ ಗಾಳಿ ಊದಿ, ಮೆತ್ತನೆಯ ಕುಂಚವಾಡಿಸಿ, ಕೊನೆಗಷ್ಟೇ ಮಸೂರದ ದ್ರವ ತಾಗಿಸಿದ ಮೈಕ್ರೊಫೈಬರ್ ಬಟ್ಟೆ ಮುಟ್ಟಿಸಬೇಕು. ತೆರೆದ ವಿನ್ಯಾಸದ ಸೈಟಿನಲ್ಲಿ ಎಲ್‌ಇಡಿಯ ಬಾಯಿಗೆ ಕೂತ ಒಂದೇ ಕಣವೂ ಚುಕ್ಕೆಯನ್ನು ವಿಕಾರಗೊಳಿಸುತ್ತದೆ. ಆದರೂ ಚುಕ್ಕೆ ಬಾಲ ಬಂದಂತೆ ಕಂಡ ಕೂಡಲೇ ಸೈಟ್ ಬಿಚ್ಚಬೇಡಿ: ಖಾಲಿ ಬಂದೂಕಿನ ಸೈಟಿನ ಮೂಲಕ ಮೊಬೈಲಿನಲ್ಲಿ ಒಂದು ಚಿತ್ರ ತೆಗೆಯಿರಿ. ಚಿತ್ರದಲ್ಲಿ ಚುಕ್ಕೆ ದುಂಡಗಿದ್ದರೆ ದೋಷ ಹೆಚ್ಚಾಗಿ ಕಣ್ಣಿನ ಅಸ್ಟಿಗ್ಮ್ಯಾಟಿಸಂನದು, ಅಂದರೆ ಕಣ್ಣಿನ ಬಾಗು ಎಲ್ಲೆಡೆ ಒಂದೇ ಸಮನಿಲ್ಲದ್ದರದು, ಕನ್ನಡಕದಿಂದ ಸರಿಹೋಗುವಂಥದು.

ಏಪ್ರಿಲ್, ಮೇ ತಿಂಗಳಲ್ಲಿ ರಾಯಚೂರು, ಬಳ್ಳಾರಿಗಳಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಮುಚ್ಚಿದ ಕಾರಿನೊಳಗೆ ಇನ್ನೂ ಹೆಚ್ಚು. ಅಲ್ಲಿ ಸೈಟನ್ನು ಬಿಟ್ಟರೆ ಲಿಥಿಯಂ ಬಿಲ್ಲೆ ಸೆಲ್ಲಿನ ಆಯುಸ್ಸು ಕುಗ್ಗುತ್ತದೆ. ಸೆಲ್ ಸೈಟಿನ ತಳದಲ್ಲಿದ್ದು, ಬದಲಿಸಲು ಇಡೀ ಸೈಟನ್ನೇ ಕಳಚಬೇಕಾದ ಮಾದರಿಗಳಲ್ಲಿ, ಮರಳಿ ಕೂರಿಸಿದ ಮೇಲೆ ಗುಂಡು ಹಾರಿಸಿ ಗುರಿಯನ್ನು ಮತ್ತೊಮ್ಮೆ ಪರೀಕ್ಷಿಸಲೇಬೇಕು.